ಪ್ರಾಕ್ತನವಿಮರ್ಶಕನ ವೃತ್ತಿಯೂ ಅವನ ವರದಿಯೂ

ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯಲ್ಲಿ ಬಿ. ಎಲ್. ರೈಸ್ ಸಾಹೇಬರ ತರುವಾಯ, ೧೯೦೬ರಿಂದ ೧೯೨೨ರ ವರೆಗೆ, ಅಧಿಕಾರಿಗಳಾಗಿದ್ದ ರಾವ್ ಬಹದೂರ್ ಆರ್. ನರಸಿಂಹಾಚಾರ್ಯರಿಗೆ 'ಪ್ರಾಕ್ತನವಿಮರ್ಶವಿಚಕ್ಷಣ' ಎಂಬ ಬಿರುದು ಸಂದಿದ್ದಿತು. 'ಕರ್ಣಾಟಕ ಕವಿಚರಿತೆ'ಯ ಕರ್ತೃಗಳೆಂದು ಅವರನ್ನು ಬಲ್ಲ ಸಾಹಿತ್ಯಾಧ್ಯಾಪಕರು ಈ ಬಿರುದನ್ನು ಗೌರವಸೂಚಕವೆಂದಷ್ಟೇ ಓದಿ ಮುಂದುವರಿಯುವುದು ವಾಡಿಕೆ. ಪದಗಳನ್ನು ಬಿಡಿಸಿ ನೋಡಿದರೆ ಒಂದು ವೃತ್ತಿಯ ಲಕ್ಷಣವೇ ಅದರಲ್ಲಿ ಅಡಗಿದೆ. 'ಪ್ರಾಕ್ತನ'ವೆಂದರೆ ಹಿಂದಣ ಕಾಲಕ್ಕೆ ಸೇರಿದುದು. 'ವಿಮರ್ಶ'ವೆಂಬುದು ಮುಟ್ಟುವುದೆಂಬ ಅರ್ಥವುಳ್ಳ ಮೃಶ್ ಧಾತುವಿನಿಂದ ಬಂದುದು; ಕೈಯಿಂದ ತಡವಿ ನೋಡುವುದೇ ಅದರ ಮೂಲಾರ್ಥ, ಮನಸ್ಸಿನಿಂದ ಪರೀಕ್ಷಿಸುವುದು ಅದರ ಮೇಲೆ ಬೆಳೆದ ಅರ್ಥ. 'ವಿಚಕ್ಷಣ'ದಲ್ಲಿರುವ ಚಕ್ಷ್ ಧಾತುವಿಗೆ ಕಾಣುವುದೆಂಬ ಅರ್ಥವೂ ಸ್ಪಷ್ಟವಾಗಿ ನುಡಿಯುವುದೆಂಬ ಅರ್ಥವೂ ವೈಯಾಕರಣರಿಗೆ ಸಮ್ಮತ. ಮುಟ್ಟುವುದು, ಕಾಣುವುದು, ಕಂಡುದನ್ನು ಸ್ಪಷ್ಟವಾಗಿ ನುಡಿಯುವುದು ಎಂಬ ಈ ಮೂರೂ ಕೂಡಿದಲ್ಲದೆ ಪ್ರಾಕ್ತನವಿಮರ್ಶಕನ ಕೆಲಸ ಪೂರ್ಣವಾಗುವುದಿಲ್ಲ.

ಇವುಗಳಲ್ಲಿ ಮೊದಲನೆಯ ಎರಡಕ್ಕೆ ಲೋಕದಲ್ಲಿ ಹೇರಳವಾದ ಮನ್ನಣೆಯುಂಟು. ಹೊಸ ಶಾಸನವೊಂದು ದೊರೆತರೆ, ಮಣ್ಣಿನೊಳಗಿಂದ ವಿಗ್ರಹವೊಂದು ಎದ್ದರೆ ವೃತ್ತಪತ್ರಿಕೆಗಳಲ್ಲಿ ಅದು ವಾರ್ತೆಯಾಗುತ್ತದೆ. ಮೂರನೆಯದಕ್ಕೆ, ಎಂದರೆ ವರದಿಗೆ, ಅಂತಹ ಮನ್ನಣೆ ಇಲ್ಲ. ವರದಿಯನ್ನು ಸರಕಾರದ ಕಾಗದವೆಂದು ಎಣಿಸುವವರೇ ಹೆಚ್ಚು. ಗ್ರಂಥವೆಂದು ಅದನ್ನು ಓದಿ, ಗುಣದೋಷಗಳನ್ನು ವಿವೇಚಿಸುವವರು ವಿರಳ. ಹೀಗಾಗಬಾರದು. ಉತ್ಖನನವೆಂಬ ಕಾರ್ಯದಲ್ಲಿ ಕಟ್ಟಕಡೆಗೆ ಉಳಿಯುವುದು ವರದಿಯೊಂದೇ. ಆ ವರದಿ ಉತ್ತಮವೆ ಅಧಮವೆ ಎಂಬುದನ್ನು ಅದರ ಸಿದ್ಧಾಂತ ಸರಿಯೆ ತಪ್ಪೆ ಎಂಬುದರಿಂದ ನಿರ್ಣಯಿಸಲಾಗದು. ಆ ಸಿದ್ಧಾಂತ ತಪ್ಪಾಗಿದ್ದ ಪಕ್ಷದಲ್ಲಿ ಅದನ್ನು ತಿದ್ದಲು ಬೇಕಾದ ಸಾಮಗ್ರಿಯನ್ನು ವರದಿಯೇ ಒದಗಿಸುತ್ತದೆಯೆ ಎಂಬುದೇ ಸರಿಯಾದ ಒರೆಗಲ್ಲು. ಚಿತ್ರದುರ್ಗದ ಸೀಮೆಯ ಚಂದ್ರವಳ್ಳಿ ಮತ್ತು ಬ್ರಹ್ಮಗಿರಿ ಎಂಬ ಎರಡು ಸ್ಥಳಗಳಲ್ಲಿ ನಡೆದ ಕಾರ್ಯವನ್ನೂ ಅದರ ವರದಿಗಳನ್ನೂ ಈ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಈ ವೃತ್ತಿಯ ಸ್ವರೂಪವನ್ನು ತಿಳಿಯುವುದು ಅಗತ್ಯ. ಹಳೆಯ ದಿಬ್ಬವನ್ನು ಅಗೆಯುವುದನ್ನು ಕಂಡ ಜನ ಮೊದಲು ಕೇಳುವುದು ನಿಧಿಯ ವಿಚಾರವನ್ನು. ಅಗೆಯುವವನ ದಿನವಾದರೋ ಬೋಕಿಗಳ ನಡುವೆ ಕಳೆಯುತ್ತದೆ. ನೆಲವನ್ನು ಅಳೆದು, ನಕ್ಷೆ ಬರೆದು, ಗೂಟಗಳನ್ನು ನೆಟ್ಟು ಚೌಕಗಳಾಗಿ ವಿಂಗಡಿಸಬೇಕು. ೧೯೫೮ರ ಕಾಯಿದೆಯಿಂದ ರಕ್ಷಿತವಾದ ಸ್ಥಳವಾದರೆ ಮುಂಚಿತವಾಗಿಯೇ ಅನುಮತಿ ಪಡೆದಿರಬೇಕು. ಆಳುಗಳನ್ನು ಗೊತ್ತುಮಾಡಿ, ಹೊಲದ ಒಡೆಯನನ್ನು ಒಪ್ಪಿಸಬೇಕು. ಅಗೆತ ಆರಂಭವಾದ ಮೇಲೆ ಮಣ್ಣಿನ ಬಣ್ಣ, ಗಡುಸು, ತೇವ, ಅದರಲ್ಲಿ ಬೆರೆತ ಬೂದಿ ಇದ್ದಲುಗಳನ್ನು ಗುರುತಿಸುತ್ತ ಒಂದು ಪದರ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಮೊದಲಾಯಿತೆಂಬುದನ್ನು ನಿಶ್ಚಯಿಸಬೇಕು. ಆಯಾ ಪದರದ ಚೂರುಗಳನ್ನು ಆಯಾ ಬುಟ್ಟಿಯಲ್ಲಿಯೇ ಇಟ್ಟು, ತೊಳೆದು, ಒಣಗಿಸಿ, ಒಂದೊಂದರ ಮೇಲೆಯೂ ಸಂಖ್ಯೆ ಬರೆಯಬೇಕು. ಸಂಜೆ ದೀಪದ ಬೆಳಕಿನಲ್ಲಿ ದಿನಚರಿಯನ್ನು ತುಂಬಬೇಕು. ಋತು ಮುಗಿದು ಡೇರೆಗಳನ್ನು ಕಿತ್ತ ಮೇಲೆ ಇದಕ್ಕಿಂತ ದೀರ್ಘವಾದ ಕಚೇರಿಯ ಕೆಲಸ ಮೊದಲಾಗುತ್ತದೆ: ಚಿತ್ರ ಬರೆಯುವುದು, ಹೋಲಿಸುವುದು, ಪಟ್ಟಿಮಾಡುವುದು, ಬರೆಯುವುದು. ಸಾಹಸಪ್ರಿಯನಾದ ತರುಣನು ಈ ವೃತ್ತಿಗೆ ಬಂದು ಬೇಸರಗೊಳ್ಳುವುದು ಈ ಘಟ್ಟದಲ್ಲಿಯೇ.

ಶಾಸನಸಂಶೋಧಕನ ಶ್ರಮವೂ ಇದಕ್ಕಿಂತ ಕಡಮೆಯದಲ್ಲ. ಕಲ್ಲನ್ನು ನೀರಿನಿಂದ ತೊಳೆದು ಪಾಚಿಯನ್ನು ತೆಗೆದು, ನೆನೆಸಿದ ಕಾಗದವನ್ನು ಅದರ ಮೇಲೆ ಹರಡಿ, ಬಿರುಸಾದ ಕುಂಚದಿಂದ ಬಡಿದು ಅಕ್ಷರದ ಕುಳಿಗಳೊಳಕ್ಕೆ ಕಾಗದವನ್ನು ಇಳಿಸಿ, ಮಸಿಯ ಉಂಡೆಯನ್ನು ಹಗುರವಾಗಿ ಒತ್ತಬೇಕು. ಆಗ ಕರಿಯ ನೆಲದಲ್ಲಿ ಬಿಳಿಯ ಅಕ್ಷರಗಳು ಮೂಡಿ ಪಡಿಯಚ್ಚು ಸಿದ್ಧವಾಗುತ್ತದೆ. ಗಾಳಿ ಬೀಸಿದರೆ ಕಾಗದ ಹರಿಯುತ್ತದೆ. ಬಿಸಿಲು ಏರಿದರೆ ಒಣಗಿ ಸುರುಟುತ್ತದೆ. ಕೆರೆಯ ಏರಿಯ ಮೇಲೆ, ದೇವಾಲಯದ ಸೂರಿನ ಕೆಳಗೆ, ಮುಳ್ಳುಪೊದೆಗಳ ನಡುವೆ ಹೀಗೆ ಅಚ್ಚು ತೆಗೆದು ತೆಗೆದು ರೈಸ್ ಸಾಹೇಬರೂ ಅವರ ಸಹಾಯಕ ಪಂಡಿತರೂ ೧೮೮೬ರಲ್ಲಿ ಕೊಡಗಿನ ಶಾಸನಗಳಿಂದ ಮೊದಲ್ಗೊಂಡು ಹನ್ನೆರಡು ಸಂಪುಟಗಳ 'ಎಪಿಗ್ರಾಫಿಯಾ ಕರ್ಣಾಟಿಕ'ವನ್ನು ಹೊರತಂದರು. ಸುಮಾರು ಒಂಬತ್ತು ಸಾವಿರ ಶಾಸನಗಳು ಅದರಲ್ಲಿ ಸೇರಿವೆ. ಕನ್ನಡ ಕವಿಗಳ ಕಾಲನಿರ್ಣಯವನ್ನು ಕುರಿತು ಬರೆಯುವ ಯಾರೂ ಇಂದಿಗೂ ಅದನ್ನು ಬಿಟ್ಟು ಬರೆಯಲಾರರು.

ಆ ಮಹಾಗ್ರಂಥದಲ್ಲಿ ದೋಷಗಳಿಲ್ಲವೆ? ಉಂಟು. ಕೆಲವೆಡೆ ಪಾಠ ತಪ್ಪಿದೆ, ಕೆಲವೆಡೆ ಶಾಸನಗಳೇ ಬಿಟ್ಟುಹೋಗಿವೆ. ಶ್ರವಣಬೆಳಗೊಳದ ಶಾಸನಗಳ ೧೮೮೯ರ ಆವೃತ್ತಿಯಲ್ಲಿ ಇದ್ದುವು ೧೪೪. ನರಸಿಂಹಾಚಾರ್ಯರು ಅದೇ ಬೆಟ್ಟಗಳನ್ನು ಮತ್ತೆ ಹತ್ತಿ ಇಳಿದು ೧೯೨೩ರಲ್ಲಿ ಪರಿಷ್ಕರಿಸಿದಾಗ ಅವು ೫೦೦ ಆದುವು. ೧೯೭೩ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಹೊರತಂದ ಆವೃತ್ತಿಯಲ್ಲಿ ೫೭೩ ಆದುವು. ಹಿಂದಿನವರ ನ್ಯೂನತೆಯನ್ನು ಎತ್ತಿ ಆಡುವುದಕ್ಕಾಗಿ ಈ ಸಂಖ್ಯೆಗಳನ್ನು ಹೇಳಿದುದಲ್ಲ. ರೈಸ್ ಸಾಹೇಬರು ತಾವು ಕಂಡ ಶಾಸನ ಎಲ್ಲಿದೆಯೆಂಬುದನ್ನು ತಿಳಿಸಿ, ಮೂಲಪಾಠವನ್ನು ಮುದ್ರಿಸಿ, ಭಾಷಾಂತರವನ್ನು ಬೇರೆಯಾಗಿಯೇ ಕೊಟ್ಟರು. ಆದುದರಿಂದ ಮುಂದಿನವನು ಅದೇ ಬಂಡೆಯ ಮುಂದೆ ನಿಂತು ಪಾಠವನ್ನು ಕಲ್ಲಿನೊಡನೆ ಹೋಲಿಸಿ ನೋಡುವುದು ಸಾಧ್ಯವಾಯಿತು. ತಾಳೆಯೋಲೆಯ ಪ್ರತಿಗಳಿಂದ ಕಾವ್ಯವನ್ನು ಸಂಪಾದಿಸುವವನು ತಾನು ಒಪ್ಪಿದ ಪಾಠವನ್ನು ಮೇಲೆಯೂ ಒಪ್ಪದ ಪಾಠಾಂತರಗಳನ್ನು ಕೆಳಗೆಯೂ ಕೊಡುವುದು ಇದೇ ಕಾರಣಕ್ಕಾಗಿ. ಪಾಠಾಂತರಗಳನ್ನು ಮರೆಮಾಡಿದ ಸಂಪಾದಕನು ಎಷ್ಟೇ ವಿದ್ವಾಂಸನಾಗಿರಲಿ, ತನ್ನನ್ನು ನಂಬಿರೆಂದು ಕೇಳಿದಂತಾಯಿತೇ ಹೊರತು ನೋಡಿರೆಂದು ಕರೆದಂತಾಗಲಿಲ್ಲ.

ಚಂದ್ರವಳ್ಳಿಯ ಬಂಡೆಯ ಮೇಲಿರುವ ಕದಂಬ ಮಯೂರಶರ್ಮನ ಶಾಸನ ಇದಕ್ಕೆ ಒಳ್ಳೆಯ ನಿದರ್ಶನ. ಪ್ರಾಕೃತದಲ್ಲಿರುವ ಈ ಪುಟ್ಟ ಶಾಸನವನ್ನು ಓದಿ ೧೯೨೯ರ ವರದಿಯಲ್ಲಿ ಪ್ರಕಟಿಸಿದವರು ಆಗ ಇಲಾಖೆಯ ನಿರ್ದೇಶಕರಾಗಿದ್ದ ಡಾ. ಎಂ. ಎಚ್. ಕೃಷ್ಣ ಅವರು. ಮಯೂರಶರ್ಮನು ಕಟ್ಟಿಸಿದ ತಟಾಕದೊಡನೆ ತ್ರೈಕೂಟಕ, ಆಭೀರ, ಪಲ್ಲವ, ಪಾರಿಯಾತ್ರ, ಶಕಸ್ಥಾನ, ಪುನ್ನಾಟ, ಮೌಖರಿ ಮುಂತಾದ ಹೆಸರುಗಳನ್ನು ಅವರು ಅದರಲ್ಲಿ ಓದಿದರು. ಆ ಪಾಠ ನಿಂತಲ್ಲಿ ಬನವಾಸಿಯ ಅರಸನೊಬ್ಬನು ಉತ್ತರಾಪಥದ ವರೆಗೂ ತನ್ನ ಪರಾಕ್ರಮವನ್ನು ತೋರಿಸಿದನೆಂದು ಹೇಳಬೇಕಾಗುತ್ತದೆ. ಸವೆದ ಅಕ್ಷರಗಳಿಂದ ಇಷ್ಟು ದೊಡ್ಡ ದಿಗ್ವಿಜಯವನ್ನು ತೆಗೆಯಬಹುದೆ ಎಂದು ಮುಂದಿನ ವಿದ್ವಾಂಸರು ಶಂಕಿಸಿದರು. ಕೆಲವರು ಕಲ್ಲನ್ನು ಮತ್ತೆ ಪರೀಕ್ಷಿಸಿ ಬೇರೆ ಪಾಠವನ್ನು ಸೂಚಿಸಿದರು. ಆ ಚರ್ಚೆಯ ಫಲಿತವೇನೇ ಇರಲಿ, ಚರ್ಚೆ ನಡೆಯಲು ಅವಕಾಶವಿದ್ದುದು ಬಂಡೆ ಇದ್ದಲ್ಲಿಯೇ ಇರುವುದರಿಂದ. ಶಾಸನವನ್ನು ಓದಿದವನು ತಪ್ಪಿದರೂ ಶಾಸನ ತಪ್ಪಿಸಿಕೊಂಡು ಹೋಗುವುದಿಲ್ಲ.

ಮಣ್ಣಿನ ವಿಚಾರದಲ್ಲಿ ಹೀಗೆ ಹೇಳಲಾಗದು. ಜನವಸತಿ ಇದ್ದ ದಿಬ್ಬವು ಒಂದರ ಮೇಲೊಂದಾಗಿ ಪೇರಿಸಿದ ಓಲೆಗಳ ಕಟ್ಟಿನಂತೆ. ಮೇಲಿನ ಓಲೆಯನ್ನು ತೆಗೆದು ಸುಡದೆ ಕೆಳಗಿನ ಓಲೆಯನ್ನು ಓದಲಾಗದು. ಪ್ರಪಂಚದಲ್ಲಿ ಅದಕ್ಕೆ ಬೇರೆ ಪ್ರತಿಯಿಲ್ಲ. ಒಂದು ಪದರವನ್ನು ಅಗೆದು ಹಾಕಿದ ಮೇಲೆ ಯಾವ ಚೂರು ಯಾವ ಬೂದಿಯ ಮೇಲೆ ಇದ್ದಿತು, ಯಾವ ನಾಣ್ಯ ಯಾವ ನೆಲಗಟ್ಟಿನ ಕೆಳಗೆ ಸಿಕ್ಕಿತು ಎಂಬ ಸಂಬಂಧವು ಬರೆಹದಲ್ಲಿ ಮಾತ್ರ ಉಳಿಯತಕ್ಕುದು. ವಸ್ತುಗಳು ವಸ್ತುಸಂಗ್ರಹಾಲಯದಲ್ಲಿ ಉಳಿದಾವು. ಸಂಬಂಧವನ್ನು ಕಳೆದುಕೊಂಡ ವಸ್ತು ವಾಕ್ಯದಿಂದ ಕಿತ್ತ ಪದದಂತೆ ಕೋಶಾರ್ಥವನ್ನು ಮಾತ್ರ ಕೊಡಬಲ್ಲುದು, ತಾತ್ಪರ್ಯವನ್ನು ಕೊಡಲಾರದು. ಆಕಾಂಕ್ಷೆ ಯೋಗ್ಯತೆಗಳು ಇದ್ದೂ ಸನ್ನಿಧಿ ಇಲ್ಲದಿದ್ದರೆ ವಾಕ್ಯಾರ್ಥಬೋಧೆ ಆಗುವುದಿಲ್ಲವೆಂದು ಶಾಸ್ತ್ರಜ್ಞರು ಹೇಳುವುದು ಮಡಕೆಯ ಚೂರಿಗೂ ಒಪ್ಪುತ್ತದೆ. ಆದುದರಿಂದ ಉತ್ಖನನವನ್ನು ಮಾಡಿ ವರದಿಯನ್ನು ಬರೆಯದವನು ಅರ್ಧ ಕೆಲಸ ಮಾಡಿದನೆನ್ನುವುದು ಸಾಲದು. ಅಗೆಯದೆಯೇ ಬಿಟ್ಟಿದ್ದರೆ ಮುಂದೆ ಯಾರಾದರೂ ಓದುತ್ತಿದ್ದ ಗ್ರಂಥವನ್ನು ಅವನು ಇಲ್ಲದಂತೆ ಮಾಡಿದನು.

ಕೃಷ್ಣ ಅವರ ಚಂದ್ರವಳ್ಳಿಯ ಉತ್ಖನನದ ವರದಿಯನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಕನ್ನಡನಾಡಿನಲ್ಲಿ ಶಾಸನಗಳನ್ನು ಓದುವುದೇ ಪ್ರಾಕ್ತನವಿಮರ್ಶೆಯೆಂದು ತಿಳಿದಿದ್ದ ಕಾಲದಲ್ಲಿ ನೆಲವನ್ನೂ ಓದಬೇಕೆಂದು ತೋರಿಸಿಕೊಟ್ಟ ಕೀರ್ತಿ ಅವರದು. ಶಾತವಾಹನರ ನಾಣ್ಯಗಳು, ಮಹಾರಠಿಗಳ ನಾಣ್ಯಗಳು, ರೋಮಿನ ಬೆಳ್ಳಿಯ ನಾಣ್ಯಗಳು ಅಲ್ಲಿ ದೊರೆತುದರಿಂದ ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಈ ಒಳನಾಡಿನ ಪಟ್ಟಣಕ್ಕೆ ದೂರದೇಶದ ವ್ಯಾಪಾರದೊಡನೆ ಇದ್ದ ನಂಟು ಸ್ಪಷ್ಟವಾಯಿತು. ಇಲಾಖೆಯ ವಾರ್ಷಿಕ ವರದಿಗಳಲ್ಲಿ ಅಗೆತದ ವೃತ್ತಾಂತವನ್ನು ಚಿತ್ರಪಟಗಳೊಡನೆ ಆ ವರ್ಷದ ಲೆಕ್ಕಕ್ಕೇ ಸೇರಿಸಿ ಪ್ರಕಟಿಸಿದುದೂ ಪ್ರಶಂಸಾರ್ಹವಾದ ಶಿಸ್ತು. ಆದರೆ ಆ ವರದಿಯ ಗಮನ ಹೆಚ್ಚಾಗಿ ಹರಿದಿರುವುದು ಅಕ್ಷರವುಳ್ಳ ವಸ್ತುಗಳ ಕಡೆಗೆ. ನಾಣ್ಯದ ಮೇಲೆ ಹೆಸರು ಉಂಟು, ಹೆಸರಿಗೆ ವಂಶ ಉಂಟು, ವಂಶಕ್ಕೆ ಕಾಲ ಉಂಟು ಎಂಬ ಸರಣಿ ಶಾಸನಜ್ಞನಿಗೆ ಸಹಜವಾದುದು. ಅಕ್ಷರವಿಲ್ಲದ ಬೋಕಿ ಆ ಸರಣಿಯಲ್ಲಿ ಹಿಂದೆ ಬೀಳುತ್ತದೆ.

ಇದು ಒಬ್ಬರ ದೋಷವಲ್ಲ, ಕಾಲದ ದೋಷ. ೧೯೨೨ರಿಂದ ೧೯೩೧ರ ವರೆಗೆ ಬಹು ವಿಸ್ತಾರವಾಗಿ ನಡೆದ ಮೊಹೆಂಜೊದಾರೊ ಉತ್ಖನನದಲ್ಲಿಯೂ ವಸ್ತುಗಳನ್ನು ಗುರುತಿಸಿದುದು ಬಹುಮಟ್ಟಿಗೆ ಗೊತ್ತುಮಾಡಿದ ಒಂದು ಮಟ್ಟದಿಂದ ಎಷ್ಟು ಅಡಿ ಆಳದಲ್ಲಿ ದೊರೆತುವೆಂಬ ಲೆಕ್ಕದಿಂದಲೇ. ಭೂಮಿಯ ಪದರಗಳು ನೀರಿನ ಮಟ್ಟದಂತೆ ಸಮನಾಗಿರುವುದಿಲ್ಲ. ಇಳಿಜಾರಾಗಿ, ಗುಳಿಗಳಿಂದ ಕಡಿದು, ಮೇಲುಕೆಳಗಾಗಿ ಇರುತ್ತವೆ. ಹತ್ತು ಅಡಿಯ ಆಳದಲ್ಲಿ ಸಿಕ್ಕ ಎರಡು ವಸ್ತುಗಳ ನಡುವೆ ನೂರಾರು ವರ್ಷಗಳ ಅಂತರ ಇರಬಹುದು. ೧೯೪೪ರಿಂದ ೧೯೪೮ರ ವರೆಗೆ ಭಾರತದ ಪುರಾತತ್ತ್ವ ಇಲಾಖೆಯ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವೀಲರ್ ಅವರು ಪಟ್ಟುಹಿಡಿದು ತಿದ್ದಿದುದು ಈ ಅಂಶವನ್ನು.

ವೀಲರ್ ಅವರು ೧೯೪೭ರಲ್ಲಿ ಬ್ರಹ್ಮಗಿರಿಯನ್ನೂ ಚಂದ್ರವಳ್ಳಿಯನ್ನೂ ಅಗೆಸಿದರು. ಬ್ರಹ್ಮಗಿರಿಯಲ್ಲಿ ಕೃಷ್ಣ ಅವರು ಮೊದಲೇ ಕೆಲಸ ಮಾಡಿದ್ದರು. ಅದಕ್ಕೂ ಮೊದಲು, ೧೮೯೨ರಲ್ಲಿ, ರೈಸ್ ಸಾಹೇಬರು ಅಲ್ಲಿ ಅಶೋಕನ ಶಾಸನವನ್ನು ಕಂಡುಹಿಡಿದಿದ್ದರು. ವೀಲರ್ ಅವರ ವರದಿ ಇಲಾಖೆಯ 'ಏನ್ಷೆಂಟ್ ಇಂಡಿಯಾ' ಪತ್ರಿಕೆಯ ನಾಲ್ಕನೆಯ ಸಂಚಿಕೆಯಲ್ಲಿ ತಡವಿಲ್ಲದೆ ಪ್ರಕಟವಾಯಿತು. ಅದರಲ್ಲಿ ಕಂದಕದ ಗೋಡೆಯ ಪದರಗಳೆಲ್ಲವನ್ನೂ ಅಳೆದು ಬರೆದ ಚಿತ್ರಗಳಿವೆ. ಮಡಕೆಯ ಪ್ರತಿಯೊಂದು ಬಗೆಯನ್ನೂ ಅದು ದೊರೆತ ಪದರದ ಸಂಖ್ಯೆಯೊಡನೆ ಜೋಡಿಸಿದ ಪಟ್ಟಿಗಳಿವೆ. ಕೆಳಗೆ ನುಣುಪು ಮಾಡಿದ ಕಲ್ಲಿನ ಕೊಡಲಿಗಳನ್ನು ಬಳಸಿದವರ ಸಂಸ್ಕೃತಿ, ಅದರ ಮೇಲೆ ಕಬ್ಬಿಣವನ್ನೂ ಕಪ್ಪು-ಕೆಂಪು ಮಡಕೆಯನ್ನೂ ಬಳಸಿ ಬಂಡೆಚಪ್ಪಡಿಗಳ ಗೋರಿಗಳನ್ನು ಕಟ್ಟಿದವರ ಸಂಸ್ಕೃತಿ, ಅದರ ಮೇಲೆ ಆಂಧ್ರರ ಕಾಲದ ಸಂಸ್ಕೃತಿ ಎಂಬ ಮೂರು ಹಂತಗಳನ್ನು ಅವರು ಗೊತ್ತುಪಡಿಸಿದರು. ಒಳತಳದಲ್ಲಿ ಹಲ್ಲುಚಕ್ರದಿಂದ ಗೆರೆ ಒತ್ತಿದ ಒಂದು ಬಗೆಯ ತಟ್ಟೆ ೧೯೪೫ರಲ್ಲಿ ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ ಇಟಲಿಯ ಮಡಕೆಗಳೊಡನೆ ದೊರೆತಿದ್ದಿತು. ಅಂತಹ ತಟ್ಟೆಯೇ ಬ್ರಹ್ಮಗಿರಿಯ ಮೇಲಿನ ಹಂತದಲ್ಲಿಯೂ ಸಿಕ್ಕಿತು. ಸಮುದ್ರತೀರದಲ್ಲಿ ಗೊತ್ತಾದ ಕಾಲವನ್ನು ಆ ಬೋಕಿಯ ಮೂಲಕ ಒಳನಾಡಿಗೆ ತಂದುದು ಯುಕ್ತಿಯ ದೃಷ್ಟಿಯಿಂದ ರಮಣೀಯವಾದ ಅನುಮಾನ.

ಆದರೆ ಮೇಲಿನಿಂದ ಕೆಳಕ್ಕೆ ಲೆಕ್ಕಹಾಕುತ್ತ ಹೋದಾಗ ವೀಲರ್ ಅವರ ನಿರ್ಣಯ ಸಡಿಲವಾಯಿತು. ಬಂಡೆಗೋರಿಗಳ ಸಂಸ್ಕೃತಿಗೆ ಅವರು ಕೊಟ್ಟ ಕಾಲ ಕ್ರಿ. ಪೂ. ಎರಡನೆಯ ಶತಮಾನದ ಆದಿಯಿಂದ ಕ್ರಿ. ಶ. ಒಂದನೆಯ ಶತಮಾನದ ಮಧ್ಯದ ವರೆಗೆ. ಕಲ್ಲುಕೊಡಲಿಯವರ ಸಂಸ್ಕೃತಿಯನ್ನು ಕ್ರಿ. ಪೂ. ಮೊದಲನೆಯ ಸಹಸ್ರಮಾನದ ಆದಿಭಾಗದಿಂದ ಕ್ರಿ. ಪೂ. ಎರಡನೆಯ ಶತಮಾನದ ಆರಂಭದ ವರೆಗೆ ಎಳೆದರು. ಈ ಗಣನೆಯನ್ನು ಒಪ್ಪಿದರೆ ಕ್ರಿ. ಪೂ. ಮೂರನೆಯ ಶತಮಾನದಲ್ಲಿ ಅಶೋಕನ ಶಾಸನವನ್ನು ಬಂಡೆಯ ಮೇಲೆ ಕೊರೆದಾಗ ಬೆಟ್ಟದ ಬುಡದಲ್ಲಿದ್ದವರು ಇನ್ನೂ ಕಲ್ಲಿನ ಕೊಡಲಿಯನ್ನೇ ಹಿಡಿದಿದ್ದರೆಂದಾಗುತ್ತದೆ. ಶಾಸನ ಹೇಳುವುದಾದರೂ ಏನು? ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಆರೋಗ್ಯವನ್ನು ಹಾರೈಸಿ ರಾಜಾಜ್ಞೆಯನ್ನು ಕಳುಹಿಸಿದ್ದಾರೆ. ಅಧಿಕಾರಿಗಳಿದ್ದ ಊರು, ಆಜ್ಞೆ ತಲಪುವ ದಾರಿ, ಅದನ್ನು ಬರೆದ ಚಪಡನೆಂಬ ಲಿಪಿಕರ, ಗಟ್ಟಿಯಾದ ಬಂಡೆಯಲ್ಲಿ ಅಕ್ಷರ ಕೊರೆಯುವ ಉಳಿ, ಇವೆಲ್ಲ ಅಲ್ಲಿ ಇದ್ದುವು. ಲಿಪಿಕರನು ತನ್ನ ವೃತ್ತಿಯ ಹೆಸರನ್ನು ವಾಯವ್ಯ ಸೀಮೆಯ ಖರೋಷ್ಠೀ ಲಿಪಿಯಲ್ಲಿ ಬರೆದಿರುವನೆಂದ ಮೇಲೆ ಆ ದಾರಿ ಎಷ್ಟು ದೂರದ್ದೆಂಬುದೂ ತಿಳಿಯುತ್ತದೆ. ಶಬ್ದಪ್ರಮಾಣವು ಇಷ್ಟನ್ನು ಹೇಳುತ್ತಿರುವಾಗ ಅನುಮಾನವು ಅದಕ್ಕೆ ಎದುರಾಗಿ ನಿಂತರೆ, ಹೇತುವಿನಲ್ಲಿ ದೋಷವಿದೆಯೆ ಎಂದು ಪರೀಕ್ಷಿಸುವುದು ನ್ಯಾಯಸಮ್ಮತವಾದ ಕ್ರಮ. ದೋಷ ಇದ್ದುದು ವ್ಯಾಪ್ತಿಯಲ್ಲಿ: ಕಬ್ಬಿಣವು ದಕ್ಷಿಣಕ್ಕೆ ಬಂದುದು ಮೌರ್ಯರ ಸಂಪರ್ಕದ ಆಚೀಚೆಗೇ ಇರಬೇಕೆಂಬ ಪೂರ್ವಗ್ರಹದಲ್ಲಿ.

ಈ ದೋಷ ಹೇಗೆ ತಿದ್ದಿತು? ೧೯೪೯ರ ಹೊತ್ತಿಗೆ ಅಮೆರಿಕದ ಲಿಬ್ಬಿ ಅವರು ಇದ್ದಲಿನಲ್ಲಿ ಉಳಿದಿರುವ ಇಂಗಾಲದ ಪರಮಾಣುಗಳಿಂದ ಕಾಲವನ್ನು ಎಣಿಸುವ ಕ್ರಮವನ್ನು ಕಂಡುಹಿಡಿದರು. ಎಫ್. ಆರ್. ಆಲ್ಚಿನ್ ಅವರು ಪಿಕ್ಲಿಹಾಳದಲ್ಲಿಯೂ ಉತ್ನೂರಿನ ಬೂದಿದಿಬ್ಬದಲ್ಲಿಯೂ, ಎಂ. ಎಸ್. ನಾಗರಾಜರಾವ್ ಅವರು ತೆಕ್ಕಲಕೋಟೆ ಹಾಗೂ ಹಳ್ಳೂರುಗಳಲ್ಲಿಯೂ ಅಗೆದಾಗ ಅದೇ ಜಾತಿಯ ಮಡಕೆಗಳು, ಅದೇ ಕೊಡಲಿಗಳು ದೊರೆತುವು. ಇದ್ದಲಿನ ಪರೀಕ್ಷೆಯಿಂದ ಕಲ್ಲುಕೊಡಲಿಯವರ ಬಾಳು ಕ್ರಿ. ಪೂ. ಮೂರನೆಯ ಸಹಸ್ರಮಾನಕ್ಕೆ ಹಿಂದೆ ಸರಿಯಿತು. ಹಳ್ಳೂರಿನ ಕಬ್ಬಿಣ ಕ್ರಿ. ಪೂ. ೧೦೦೦ದ ಸುಮಾರಿಗೆ ಹೋಯಿತು. ಗೆರೆಯೊತ್ತಿದ ತಟ್ಟೆಯ ಕಾಲವೂ ಕೂಡ ಈಚಿನ ವಿಚಾರದಿಂದ ಹಿಂದಕ್ಕೆ ಜರುಗಿದೆ. ಅಶೋಕನ ಮಹಾಮಾತ್ರರು ಇಸಿಲಕ್ಕೆ ಬರುವ ಹೊತ್ತಿಗೆ ಈ ನಾಡು ಕಬ್ಬಿಣವನ್ನು ಅನೇಕ ಶತಮಾನಗಳಿಂದ ಬಲ್ಲುದಾಗಿದ್ದಿತು. ಶಾಸನಕ್ಕೂ ಮಣ್ಣಿಗೂ ಇದ್ದಂತೆ ತೋರಿದ ವಿರೋಧ ಪರಿಹಾರವಾಯಿತು.

ಇಲ್ಲಿ ವಾಚಕರು ಗಮನಿಸತಕ್ಕ ಅಂಶವೊಂದುಂಟು. ವೀಲರ್ ಅವರ ವರ್ಷಗಳು ಬಿದ್ದುವು. ಅವರು ಕಂಡ ಕ್ರಮ ಬೀಳಲಿಲ್ಲ. ಕೊಡಲಿಯ ಹಂತ ಕೆಳಗೆ, ಕಬ್ಬಿಣದ ಹಂತ ಮೇಲೆ, ಎರಡರ ನಡುವೆ ಕೆಲವು ಪದರಗಳಲ್ಲಿ ಎರಡೂ ಬೆರೆತಿರುವುದು ಎಂಬುದೆಲ್ಲ ಹಾಗೆಯೇ ನಿಂತಿದೆ. ಹಳ್ಳೂರಿನಲ್ಲಿ ದೊರೆತ ಚೂರು ಬ್ರಹ್ಮಗಿರಿಯ ಯಾವ ಹಂತದ ಚೂರನ್ನು ಹೋಲುತ್ತದೆಂದು ನಿಶ್ಚಯಿಸಲು ಮುಂದಿನವರು ತೆರೆದುದು ೧೯೪೭ರ ವರದಿಯ ಪುಟಗಳನ್ನೇ. ತನ್ನನ್ನು ಖಂಡಿಸುವವನ ಕೈಗೆ ಆಯುಧವನ್ನು ಕೊಟ್ಟ ವರದಿ ಅದು. ಶಾಸ್ತ್ರಗ್ರಂಥಗಳಲ್ಲಿ ಸಿದ್ಧಾಂತಿಯು ಪೂರ್ವಪಕ್ಷವನ್ನು ಪೂರ್ಣವಾಗಿ ಹೇಳಿ ಆ ಬಳಿಕ ತನ್ನ ಮತವನ್ನು ಸ್ಥಾಪಿಸುವುದುಂಟು. ಸಿದ್ಧಾಂತವು ಮುಂದೆ ತಿರಸ್ಕೃತವಾದರೂ ಅಂತಹ ಗ್ರಂಥದ ಬೆಲೆ ಕುಂದುವುದಿಲ್ಲ. ಉತ್ತಮವಾದ ಉತ್ಖನನವರದಿಯ ಲಕ್ಷಣವೂ ಅದೇ.

ತಪ್ಪಾದ ಕಾಲಗಣನೆಯನ್ನು ಅವಸರದಿಂದ ಪ್ರಕಟಿಸುವುದಕ್ಕಿಂತ, ಎಲ್ಲವೂ ನಿಶ್ಚಯವಾದ ಮೇಲೆ ಸಾವಕಾಶವಾಗಿ ಪ್ರಕಟಿಸುವುದು ಮೇಲಲ್ಲವೆ ಎಂದು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ೧೯೧೩ರಿಂದ ೧೯೩೪ರ ವರೆಗೆ ತಕ್ಷಶಿಲೆಯನ್ನು ಅಗೆಸಿದ ಜಾನ್ ಮಾರ್ಷಲ್ ಅವರ ಮೂರು ಸಂಪುಟಗಳ ವರದಿ ೧೯೫೧ರಲ್ಲಿ ಹೊರಬಂದಿತು. ತಡವಾದರೂ ಅದು ಬಂದಿತು, ಅಗೆಸಿದವರೇ ಬರೆದರು. ಎಲ್ಲ ಸ್ಥಳಗಳಿಗೂ ಆ ಭಾಗ್ಯವಿಲ್ಲ. ನಾಗಾರ್ಜುನಸಾಗರದ ಅಣೆಕಟ್ಟಿನ ನೀರಿನಲ್ಲಿ ಮುಳುಗಲಿದ್ದ ನಾಗಾರ್ಜುನಕೊಂಡದ ಕಣಿವೆಯನ್ನು ೧೯೫೪ರಿಂದ ೧೯೬೦ರ ವರೆಗೆ ಅಗೆದರು. ವರದಿಯ ಮೊದಲ ಸಂಪುಟ ೧೯೭೫ರಲ್ಲಿ ಬಂದಿತು. ಇಕ್ಷ್ವಾಕುಗಳ ವಿಜಯಪುರಿಯ ಚರಿತ್ರೆಗೆ ಪ್ರಧಾನವಾದ ಎರಡನೆಯ ಸಂಪುಟ ೨೦೦೬ರಲ್ಲಿ, ಎಂದರೆ ಅಗೆತ ಮುಗಿದು ೪೬ ವರ್ಷಗಳ ಮೇಲೆ. ಆ ವೇಳೆಗೆ ಕಣಿವೆ ನೀರಿನ ತಳದಲ್ಲಿದ್ದಿತು. ಸಂಶಯ ಬಂದರೆ ಹೋಗಿ ನೋಡುವ ಮಾತಿಲ್ಲ. ದಿನಚರಿಯನ್ನು ಬರೆದವನ ಕೈಬರೆಹವನ್ನು ಬಲ್ಲವರು, ಸಂಕೇತಗಳ ಅರ್ಥವನ್ನು ಬಲ್ಲವರು ಒಬ್ಬೊಬ್ಬರಾಗಿ ಇಲ್ಲವಾಗುತ್ತಾರೆ. ೧೯೫೩-೫೪ರಿಂದ ಹೊರಡತೊಡಗಿದ 'ಇಂಡಿಯನ್ ಆರ್ಕಿಯಾಲಜಿ - ಎ ರಿವ್ಯೂ' ಎಂಬ ವಾರ್ಷಿಕ ಸಂಗ್ರಹದಲ್ಲಿನ ಕೆಲವೇ ಪಂಕ್ತಿಗಳ ಸಾರಾಂಶವನ್ನು ಬಿಟ್ಟರೆ ಬೇರೆ ಸಾಕ್ಷಿಯಿಲ್ಲದ ಅಗೆತಗಳು ನಮ್ಮ ದೇಶದಲ್ಲಿ ಒಂದೆರಡಲ್ಲ. ನಿಶ್ಚಯವಾಗುವ ವರೆಗೆ ಕಾಯುತ್ತೇನೆಂಬುದು ಸಿದ್ಧಾಂತಭಾಗಕ್ಕೆ ಒಪ್ಪೀತು. ಕಂಡುದರ ವಿವರಣೆಗೆ ಒಪ್ಪಲಾರದು. ಕಂಡುದನ್ನು ಒಡನೆಯೇ ಕೊಟ್ಟು ಊಹಿಸಿದುದನ್ನು ತಡೆದು ಹೇಳುವುದು ಎರಡು ಕಡೆಯ ಆಕ್ಷೇಪಕ್ಕೂ ಸಮಾಧಾನ.

ಈ ವಿವೇಚನೆಯಿಂದ ವರದಿಯ ಪರೀಕ್ಷೆಗೆ ನಾಲ್ಕು ಪ್ರಶ್ನೆಗಳು ಸಿದ್ಧವಾಗುತ್ತವೆ. ಪ್ರತ್ಯಕ್ಷವಾಗಿ ಕಂಡುದನ್ನೂ ಅದರಿಂದ ಅನುಮಾನಿಸಿದುದನ್ನೂ ಬೇರೆ ಬೇರೆ ವಾಕ್ಯಗಳಲ್ಲಿ ಹೇಳಿದೆಯೆ ಎಂಬುದು ಒಂದು. ವಸ್ತುವಿನೊಡನೆ ಅದರ ಸ್ಥಾನವನ್ನೂ ಹೇಳಿದೆಯೆ ಎಂಬುದು ಎರಡನೆಯದು. ತನ್ನ ಮತಕ್ಕೆ ಒಗ್ಗದ ಸಾಮಗ್ರಿಯನ್ನೂ ಪಟ್ಟಿಯಲ್ಲಿ ಸೇರಿಸಿದೆಯೆ ಎಂಬುದು ಮೂರನೆಯದು. ಶಾಸನ, ಕಾವ್ಯ, ಐತಿಹ್ಯ ಮೊದಲಾದ ಶಬ್ದಪ್ರಮಾಣಗಳನ್ನು ಮಣ್ಣಿನ ಸಾಕ್ಷ್ಯದೊಡನೆ ಹೋಲಿಸಿ, ವಿರೋಧವಿದ್ದಲ್ಲಿ ಅದನ್ನು ಒಪ್ಪಿ ಹೇಳಿದೆಯೆ ಎಂಬುದು ನಾಲ್ಕನೆಯದು. ವೀಲರ್ ಅವರ ವರದಿ ಮೊದಲ ಮೂರರಲ್ಲಿ ಶ್ರೇಷ್ಠವಾಗಿದ್ದು ನಾಲ್ಕನೆಯದರಲ್ಲಿ ದುರ್ಬಲ. ಕೃಷ್ಣ ಅವರ ವರದಿ ನಾಲ್ಕನೆಯದರಲ್ಲಿ ಸಮೃದ್ಧವಾಗಿದ್ದು ಎರಡನೆಯದರಲ್ಲಿ ಕೃಶ. ಎರಡನ್ನೂ ಜೊತೆಗಿಟ್ಟು ಓದಿದ ವಿದ್ಯಾರ್ಥಿಗೆ ಈ ವೃತ್ತಿಯ ಎರಡು ಕಣ್ಣುಗಳ ಪರಿಚಯವಾಗುತ್ತದೆ.

ಈ ಎರಡು ಕಣ್ಣುಗಳು ಒಬ್ಬನಲ್ಲಿಯೇ ಕೂಡುವುದು ಇಂದಿನ ಶಿಕ್ಷಣಕ್ರಮದಲ್ಲಿ ಕಷ್ಟವಾಗಿದೆ. ಸಂಸ್ಕೃತ ಪಾಠಶಾಲೆಗಳಲ್ಲಿ ಓದಿದವರು ಪ್ರಾಕೃತವನ್ನೂ ಹಳಗನ್ನಡವನ್ನೂ ಬಲ್ಲರು, ಛಂದಸ್ಸಿನ ಲೋಪದಿಂದ ಅಕ್ಷರದ ಲೋಪವನ್ನು ಊಹಿಸಬಲ್ಲರು. ಬೋಕಿಯನ್ನು ಕಂಡರೆ ಕಸವೆಂದು ಪಕ್ಕಕ್ಕೆ ಸರಿಸುತ್ತಾರೆ. ವಿಶ್ವವಿದ್ಯಾನಿಲಯಗಳಲ್ಲಿ ಪುರಾತತ್ತ್ವವನ್ನು ಓದಿದ ತರುಣರು ಪದರವನ್ನು ಗುರುತಿಸಬಲ್ಲರು, ಯಂತ್ರಗಳಿಂದ ನೆಲವನ್ನು ಅಳೆಯಬಲ್ಲರು. ಶಾಸನವನ್ನು ಭಾಷಾಂತರದಲ್ಲಿ ಓದಿ ತೃಪ್ತರಾಗುತ್ತಾರೆ. ೧೯೬೬ರಿಂದ ಭಾರತ ಸರಕಾರದ ಶಾಸನಶಾಖೆಯ ಪ್ರಧಾನ ಕಚೇರಿ ಮೈಸೂರಿನಲ್ಲಿಯೇ ಇದ್ದರೂ ಆ ಕೆಲಸಕ್ಕೆ ಬೇಕಾದ ಭಾಷಾಪಾಂಡಿತ್ಯವನ್ನು ಪಡೆದು ಬರುವವರು ವಿರಳರಾಗುತ್ತಿದ್ದಾರೆ. ಸಾಹಿತ್ಯಾಧ್ಯಾಪಕರು ಇದನ್ನು ಬೇರೆಯವರ ಚಿಂತೆಯೆಂದು ಬಿಡುವಂತಿಲ್ಲ. ೧೯೩೬ರಲ್ಲಿ ಬೆಳಕಿಗೆ ಬಂದ ಹಲ್ಮಿಡಿಯ ಶಾಸನವನ್ನು ಅವರು ವರ್ಷವರ್ಷವೂ ತರಗತಿಯಲ್ಲಿ ಹೇಳುತ್ತಾರೆ. ಅದರ ಕಾಲವನ್ನೂ ಪಾಠವನ್ನೂ ಕುರಿತ ಭಿನ್ನಾಭಿಪ್ರಾಯಗಳನ್ನು ತೂಗಲು ಕಲಿಸದೆ ಕೇವಲ ಕ್ರಿ. ಶ. ೪೫೦ ಎಂಬ ಅಂಕಿಯನ್ನು ಕಂಠಪಾಠ ಮಾಡಿಸಿದರೆ ವಿಮರ್ಶೆಯ ಬದಲು ನಂಬಿಕೆಯನ್ನು ಕಲಿಸಿದಂತಾಗುತ್ತದೆ.

ಕನ್ನಡದಲ್ಲಿ ವರದಿಗಳನ್ನು ಬರೆಯುವ ವಿಚಾರವನ್ನೂ ಇಲ್ಲಿ ಹೇಳಬೇಕು. ಈ ಲೇಖನದಲ್ಲಿ ಹೆಸರಿಸಿದ ಚಂದ್ರವಳ್ಳಿ, ಬ್ರಹ್ಮಗಿರಿ, ಪಿಕ್ಲಿಹಾಳ, ಹಳ್ಳೂರುಗಳ ಉತ್ಖನನವರದಿಗಳೆಲ್ಲವೂ ಇಂಗ್ಲಿಷಿನಲ್ಲಿ ಹುಟ್ಟಿದುವು. ದಿಬ್ಬವನ್ನು ಅಗೆದ ಆಳಿಗಾಗಲಿ ಹೊಲವನ್ನು ಬಿಟ್ಟುಕೊಟ್ಟ ರೈತನಿಗಾಗಲಿ ಅಲ್ಲಿ ಏನು ತಿಳಿದುಬಂದಿತೆಂಬುದು ಮುಟ್ಟಲಿಲ್ಲ. ನಮ್ಮ ಭಾಷೆಗೆ ಶಕ್ತಿಯಿಲ್ಲವೆಂಬ ಮಾತು ಸಲ್ಲದು. ಹಿರೇಬೆಣಕಲ್ಲಿನ ಬಂಡೆಗೋರಿಗಳನ್ನು ಸುತ್ತಣ ಜನ ಮೋರ್ಯರ ಮನೆಗಳೆಂದು ಕರೆಯುತ್ತಾರೆ. ಬೇರೆಡೆಗಳಲ್ಲಿ ಪಾಂಡವರ ಮನೆಯೆಂಬ ಹೆಸರೂ ಉಂಟು. ಬೋಕಿ, ಬೂದಿದಿಬ್ಬ, ಹಾಳೂರು, ವೀರಗಲ್ಲು, ಮಾಸ್ತಿಕಲ್ಲು ಎಂಬ ಮಾತುಗಳು ಯಾರೂ ಟಂಕಿಸದೆ ಬಳಕೆಯಲ್ಲಿವೆ. ಇಂತಹ ಹೆಸರುಗಳನ್ನು ಸಂಗ್ರಹಿಸುವುದೂ ಪ್ರಾಕ್ತನವಿಮರ್ಶಕನ ಕಾರ್ಯಕ್ಕೆ ಸೇರಿದ್ದು; ಹಾಳೂರೆಂಬ ಹೊಲದ ಹೆಸರು ಎಷ್ಟೋ ವೇಳೆ ನೆಲದೊಳಗಿನ ಊರಿಗೆ ಮೊದಲ ಸೂಚನೆಯಾಗುತ್ತದೆ. ಜನರಿಗೆ ಅರ್ಥವಾದ ದಿಬ್ಬವನ್ನು ಜನರೇ ಕಾಯುತ್ತಾರೆ; ಅರ್ಥವಾಗದ ದಿಬ್ಬದ ಮಣ್ಣು ಗದ್ದೆಗೂ ಇಟ್ಟಿಗೆಗೂ ಹೋಗುತ್ತದೆ.

ಒಟ್ಟಿನಲ್ಲಿ ಈ ವೃತ್ತಿಗೆ ಬರುವ ತರುಣನಿಗೆ ಶರೀರದಾರ್ಢ್ಯ, ಭಾಷಾಜ್ಞಾನ, ರೇಖಾಚಿತ್ರದ ಅಭ್ಯಾಸ, ಜನರೊಡನೆ ಹೊಂದಿಕೊಳ್ಳುವ ಸೌಜನ್ಯ ಇವೆಲ್ಲವೂ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದುದು ತಾನು ಕಂಡುದನ್ನು ತನ್ನ ಮತಕ್ಕೆ ಅಧೀನವಾಗಿಸದೆ ಬರೆದಿಡುವ ಪ್ರಾಮಾಣಿಕತೆ. ಇಲಾಖೆಗಳೂ ವಿಶ್ವವಿದ್ಯಾನಿಲಯಗಳೂ ಹೊಸ ದಿಬ್ಬಕ್ಕೆ ಗುದ್ದಲಿ ಹಾಕುವ ಮೊದಲು ಹಿಂದೆ ಅಗೆದುದರ ವರದಿಯನ್ನು ಪ್ರಕಟಿಸಬೇಕೆಂಬ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಿದರೆ ಹೊಸ ಅಗೆತಗಳ ಸಂಖ್ಯೆ ಕೆಲವು ವರ್ಷ ಇಳಿದೀತು. ಅದರಿಂದ ನಷ್ಟವೇನೂ ಇಲ್ಲ. ಮುಟ್ಟದ ದಿಬ್ಬದಲ್ಲಿರುವುದು ಮುಂದಿನ ತಲೆಮಾರಿಗೆ ಭದ್ರವಾಗಿಯೇ ಇರುತ್ತದೆ. ವಿದ್ವಾಂಸರ ಪತ್ರಿಕೆಗಳು ಕಾವ್ಯಗಳ ಆವೃತ್ತಿಗಳನ್ನು ವಿಮರ್ಶಿಸುವ ಕಟ್ಟುನಿಟ್ಟಿನಿಂದಲೇ ಉತ್ಖನನದ ವರದಿಗಳನ್ನೂ ವಿಮರ್ಶಿಸಲು ಮೊದಲುಮಾಡಿದರೆ ಈ ನಿಯಮಕ್ಕೆ ಬೇಕಾದ ಒತ್ತಾಸೆ ತಾನಾಗಿ ದೊರೆಯುತ್ತದೆ.